ಬುಡುಬುಡಿಕೆ ತಿರುಗುವಷ್ಟು ಹೊತ್ತು

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸುವುದು ಬರುತ್ತದೆ, ಅಷ್ಟೇ. ಆದರೂ ಇದೊಂದನ್ನು ಬರೆಯದೆ ಇರಲು ನನ್ನಿಂದ ಆಗಲಿಲ್ಲ. ಮೊಮ್ಮಗಳ ಮಾತು ಬಂದರೆ ಈ ಮುದುಕನ ಬಾಯಿಗೆ ಬೀಗವಿಲ್ಲ ಎಂದು ಮನೆಯಲ್ಲಿ ನಗುತ್ತಾರೆ. ನಗಲಿ ಬಿಡಿ. ಆಕಾಶದಲ್ಲಿ ರಾಜ್ಯ ಕಟ್ಟಿ ಆಳಿದ ಹೆಣ್ಣುಮಗುವಿನ ತಾತ ನಾನು. ಅದೂ ಎಲ್ಲಿ? ಹಾರೋಹಳ್ಳಿಯ ಒಂದು ಶೀಟಿನ ಮನೆಯಲ್ಲಿ, ಫ್ಯಾಕ್ಟರಿ ಆಫೀಸಿನವರು ಬೇಡವೆಂದು ತೆಗೆದುಹಾಕಿದ ಹಳೇ ಕಂಪ್ಯೂಟರಿನಲ್ಲಿ. ನನಗೆ ಸಂತೋಷವಾಗದೆ ಇನ್ಯಾರಿಗೆ ಆಗಬೇಕು?

ಆದರೆ ಆ ಮನೆಗೆ ನಾನು ಬಂದದ್ದು ಸಂತೋಷದಿಂದಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಸಾತನೂರಿನ ಕಡೆ ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನಾನು, ನನ್ನ ಹೆಂಡತಿ, ಹುಳುಗಳು. ಹುಳು ಸಾಕುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಚಿಕ್ಕದಿರುವಾಗ ಹಿಡಿ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಉದುರಿಸಿದರೆ ಸಾಕು. ದೊಡ್ಡದಾದ ಮೇಲೆ ಒಬ್ಬರು ತೋಟದಲ್ಲಿ ಕೊಯ್ಯುತ್ತಲೇ ಇರಬೇಕು, ಇನ್ನೊಬ್ಬರು ಮನೆಯಲ್ಲಿ ಹಾಕುತ್ತಲೇ ಇರಬೇಕು. ಅವಳು ತೀರಿಕೊಂಡ ಮೇಲೆ ಒಂದು ಬೆಳೆ ತೆಗೆಯಲು ನೋಡಿದೆ. ಕೊಯ್ಯಲು ಹೋದರೆ ಹಾಕುವವರಿಲ್ಲ, ಹಾಕಲು ಕೂತರೆ ಕೊಯ್ಯುವವರಿಲ್ಲ. ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಅಟ್ಟಕ್ಕೆ ಏರಿಸಿ, ತೋಟವನ್ನು ತಮ್ಮನಿಗೆ ಪಾಲಿಗೆ ಬಿಟ್ಟೆ. ಮಗಳು ಬಂದು, "ಬಾರಪ್ಪ, ನಮ್ಮ ಜೊತೇಲಿ ಇರೀವಂತೆ" ಎಂದು ಕರೆದುಕೊಂಡು ಹೋದಳು.

ಮಗಳು ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುತ್ತಿದ್ದಳು. ಅಳಿಯ ಮಾತ್ರೆ ಪ್ಯಾಕು ಮಾಡುವ ಫ್ಯಾಕ್ಟರಿಯಲ್ಲಿದ್ದ. ಅದು ಹಾರೋಹಳ್ಳಿಯ ಹೊಲಗಳಲ್ಲೆಲ್ಲ ಷೆಡ್ಡುಗಳು ಏಳುತ್ತಿದ್ದ ಕಾಲ. ಫ್ಯಾಕ್ಟರಿಗೆ ಹೋಗುವವರಿಗೆಂದು ಸಾಲಾಗಿ ಕಟ್ಟಿದ ಬಾಡಿಗೆ ಮನೆಗಳಲ್ಲಿ ನಮ್ಮದೂ ಒಂದು. ಬೆಳಿಗ್ಗೆ ಕಂಪನಿ ಬಸ್ಸು ಬಂದು ಹಾರನ್ ಹೊಡೆದರೆ ಆ ಸಾಲಿನ ಎಲ್ಲಾ ಬಾಗಿಲಿಗೂ ಬೀಗ. ಪಕ್ಕದ ಮನೆಯ ಹೆಂಗಸೊಬ್ಬಳು ಬಿಟ್ಟರೆ ಉಳಿಯುತ್ತಿದ್ದವನು ನಾನು. ಕೈಗೆ ಕೆಲಸವಿಲ್ಲ. ಸೊಪ್ಪಿನ ಹೊತ್ತಾಯಿತು ಎಂದು ಕೈ ತಾನೇ ಏಳುತ್ತಿತ್ತು, ಆಮೇಲೆ ಸುಮ್ಮನೆ ಮಂಡಿಯ ಮೇಲೆ ಬೀಳುತ್ತಿತ್ತು. ಬಸ್ ಸ್ಟ್ಯಾಂಡಿಗೆ ಹೋಗಿ ಸಾತನೂರು ಕಡೆಯಿಂದ ಬರುವ ಕೆಂಪು ಬಸ್ಸಿಗೆ ಕಾದು ನಿಲ್ಲುತ್ತಿದ್ದೆ. ಗೊತ್ತಿರುವವರು ಯಾರಾದರೂ ಇಳಿದಾರೇನೋ ಎಂದು. ಇಳಿದವರು ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಒಂದು ಟೀ ಕುಡಿದು ವಾಪಸ್ಸು.

ಮೊಮ್ಮಗಳು ಸಂಜೆ ಸ್ಕೂಲಿನಿಂದ ಬರುತ್ತಿದ್ದಳು. ಆಗ ಆರನೇ ಕ್ಲಾಸು. ಅಪ್ಪ ಅಮ್ಮ ಬರುವ ತನಕ ಮನೆಯಲ್ಲಿ ನಾವಿಬ್ಬರೇ. ಬೇರೆ ಊರಿನಲ್ಲಿ ಬೆಳೆದ ಮಗು, ಹಬ್ಬಕ್ಕೆ ಬಂದಾಗ ಕಂಡ ತಾತ ನಾನು. ಏನು ಮಾತಾಡಬೇಕೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. "ಊಟ ಮಾಡ್ದಾ?" ಎನ್ನುತ್ತಿದ್ದೆ. "ಊಂ." "ಪಾಠ ಆಯ್ತಾ?" "ಊಂ." ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಊರಿನಲ್ಲಿ ಒಂಟಿಯಾಗಿದ್ದಾಗ ಇಷ್ಟು ನೋವಾಗಿರಲಿಲ್ಲ. ಸ್ವಂತ ಮೊಮ್ಮಗಳು ಒಂದು ಮಾರು ದೂರದಲ್ಲಿ ಕೂತು ಗೋಡೆ ನೋಡುತ್ತಿದ್ದಾಗ ಆಗುವ ಒಂಟಿತನ ಬೇರೆಯೇ. ಆ ಮಗು ನನ್ನ ಕಡೆ ತಿರುಗಿ ಒಂದು ಮಾತಾಡಿದರೆ ಸಾಕು, ನನಗೆ ಇನ್ನೇನೂ ಬೇಡ ಎಂದುಕೊಳ್ಳುತ್ತಿದ್ದೆ.

ಆಗ ಅಳಿಯ ಆ ಕಂಪ್ಯೂಟರ್ ತಂದ. ಹಲಸಿನ ಹಣ್ಣಿನಷ್ಟು ದಪ್ಪ ಬೆನ್ನಿನ ಟೀವಿ, ಒಂದು ಡಬ್ಬ. ಅದರೊಳಗೆ ಫ್ಯಾನು ಗೊರಗುಟ್ಟುತ್ತಿತ್ತು. ಅವನ ಜೊತೆ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಗೆಳೆಯ ರಾಮನಗರದವನು. ಅವನು ಒಂದು ಆಟದ ಸಿ.ಡಿ. ಕೊಟ್ಟ. ನೋಡಿ, ಅಲ್ಲಿಂದ ನನ್ನ ಮೊಮ್ಮಗಳು ರಾಣಿ.

ಆಟ ಹೀಗೆ. ಕಪ್ಪು ಆಕಾಶ, ಅದರ ತುಂಬ ನಕ್ಷತ್ರ. ಒಂದು ನಕ್ಷತ್ರದ ಹತ್ತಿರ ನಿಮಗೊಂದು ಗ್ರಹ, ಅದೇ ನಿಮ್ಮ ಊರು. ಅಲ್ಲಿಂದ ಹಡಗು ಕಳಿಸಿ ಬೇರೆ ಗ್ರಹ ಹುಡುಕಬೇಕು, ಜನ ಇಳಿಸಬೇಕು, ಮತ್ತೆ ಹಡಗು ಕಟ್ಟಬೇಕು. ಆಚೆ ಬೇರೆ ಬೇರೆ ಜಾತಿಯ ರಾಜರಿರುತ್ತಾರೆ. ಅವರನ್ನು ಕಂಪ್ಯೂಟರೇ ಆಡಿಸುತ್ತದೆ. ನಿಮ್ಮ ಸರದಿ ಮುಗಿಸಿ ಗುಂಡಿ ಒತ್ತಿದರೆ ಅವರೆಲ್ಲರ ಸರದಿ ನಡೆಯುತ್ತದೆ, ಆಮೇಲೆ ಮತ್ತೆ ನಿಮ್ಮದು. ಆಟ ಶುರುವಾಗುವಾಗ ಆಕಾಶ ಎಷ್ಟು ದೊಡ್ಡದಿರಬೇಕು ಎಂದು ಅದೇ ಕೇಳುತ್ತದೆ: ಸಣ್ಣದು, ಮಧ್ಯಮ, ದೊಡ್ಡದು, ಬಹಳ ದೊಡ್ಡದು. ಮೊಮ್ಮಗಳು ಇಂಗ್ಲಿಷು ಓದಿ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ನಾನು ಹಿಂದೆ ಮಂಚದ ಮೇಲೆ ಕೂತು ಕೇಳಿಸಿಕೊಂಡು ಕಲಿತೆ.

ಅವಳಿಗೆ ಸಣ್ಣದು ಬೇಡವೇ ಬೇಡ. ಒಂದು ದಿನ ಧೈರ್ಯ ಮಾಡಿ ಕೇಳಿದೆ, "ಯಾಕವ್ವ, ಸಣ್ಣದೇ ಸಾಲ್ದಾ?"

"ಸಣ್ಣದ್ರಲ್ಲಿ ಬಾಗ್ಲು ತೆಗುದ್ರೆ ಪಕ್ಕದ ಮನೆಯೋರು ಕಣ್ ತಾತ. ಹುಡುಕಕ್ಕೆ ಏನೂ ಇರಲ್ಲ. ಬರೀ ಜಗಳ."

ಇಷ್ಟುದ್ದದ ಮಾತು! ನಾನು ಅದನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡೆ.

ಹಾಗಾಗಿ ಅವಳು ದೊಡ್ಡ ಆಕಾಶವನ್ನೇ ಹಾಕುವಳು. ಶುರುವಿನಲ್ಲಿ ಎಲ್ಲ ಸಲೀಸು. ಹಡಗುಗಳು ಹೆಚ್ಚಿ, ಆಚೆಯ ರಾಜರೂ ಬೆಳೆದು, ಆಟ ಇನ್ನೇನು ರುಚಿ ಹತ್ತಿತು ಎನ್ನುವಾಗ ಡಬ್ಬ ನಿಂತುಬಿಡುತ್ತಿತ್ತು. ಬಾಣದ ಗುರುತು ಹೋಗಿ ಮರಳು ಗಡಿಯಾರದ ಗುರುತು ಬರುತ್ತಿತ್ತು. ನನ್ನ ಕಣ್ಣಿಗೆ ಅದು ಬೆಳಗಿನ ಜಾವ ಶಕುನ ಹೇಳುತ್ತಾ ಬರುವವನ ಕೈಯ ಬುಡುಬುಡಿಕೆಯ ಹಾಗೇ ಕಾಣುತ್ತಿತ್ತು. ಮೊಮ್ಮಗಳು ಗುಂಡಿಗಳನ್ನು ಕುಟ್ಟುವಳು, ಮೌಸನ್ನು ಎತ್ತಿ ಎತ್ತಿ ಬಡಿಯುವಳು, "ಹ್ಯಾಂಗ್ ಆಯ್ತು" ಎಂದು ಸ್ವಿಚ್ಚು ಆರಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುವಳು. ಎಷ್ಟೋ ಆಟ ಹೀಗೆ ಅರ್ಧಕ್ಕೇ ಸತ್ತವು. ಅಳಿಯ ಅದನ್ನು ಕಂಡು, "ಇವ್ಳಿಗೂ ನೆಮ್ಮದಿ ಇಲ್ಲ, ಅದ್ಕೂ ನೆಮ್ಮದಿ ಇಲ್ಲ. ಗುಜರಿಗೆ ಹಾಕ್ಬುಡ್ತೀನಿ" ಎನ್ನತೊಡಗಿದ.

ಒಂದು ಸಂಜೆ ಅದು ಹಾಗೇ ನಿಂತಿತು. ಅವಳ ಕೈ ಸ್ವಿಚ್ಚಿಗೆ ಹೋಯಿತು. ನಾನು ಮಂಚದಿಂದ ಎದ್ದು ಕೈ ಹಿಡಿದುಕೊಂಡೆ.

"ಮುಟ್ಬ್ಯಾಡ ಕಣವ್ವ. ಜ್ವರಕ್ಕೆ ಕೂತೈತೆ."

"ಯಾರ್ಗೆ ಜ್ವರ?"

"ಅದ್ಕೆ."

ನಮ್ಮಲ್ಲಿ ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಗಬಗಬನೆ ತಿನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಕಲ್ಲಿನ ಹಾಗೆ ಕೂರುತ್ತದೆ. ಅದೇ ಜ್ವರ. ಆಗ ಮುಟ್ಟುವಂತಿಲ್ಲ, ಅಲುಗಿಸುವಂತಿಲ್ಲ, ಸೊಪ್ಪು ಹಾಕುವಂತಿಲ್ಲ. ತಾನಾಗಿ ಏಳುವ ತನಕ ಕಾಯಬೇಕು. ನನಗೆ ಗೊತ್ತಿದ್ದ ನಿಲ್ಲುವಿಕೆ ಅದೊಂದೇ.

"ತಾತ, ಇದು ಕಂಪ್ಯೂಟ್ರು. ಹುಳ ಅಲ್ಲ."

"ಯಾವ್ದಾದ್ರೇನವ್ವ, ಒಸಿ ತಡ್ಕೊ. ಇನ್ನೂ ಉಸಿರಾಡ್ತಾ ಐತೆ ನೋಡು." ಫ್ಯಾನು ಗೊರಗುಟ್ಟುತ್ತಲೇ ಇತ್ತಲ್ಲ!

ನಾನು ಬೆಳಕು ಬೀಳದ ಹಾಗೆ ಕಿಟಕಿಗೆ ದುಪ್ಪಟಿ ಇಳಿಬಿಟ್ಟೆ. ಬಾಗಿಲು ಓರೆ ಮಾಡಿದೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಮೆಣಸಿನಕಾಯಿ ಒಗ್ಗರಣೆಯ ಘಾಟು. ಹುಳುವಿನ ಮನೆಗೆ ಘಾಟು ತಾಕಬಾರದು, ಅದು ಕಟ್ಟಳೆ. ಕಾಲು ತಾನೇ ಆ ಮನೆಯ ಬಾಗಿಲಿಗೆ ಹೋಯಿತು.

"ತಂಗೀ, ಒಸಿ ಹೊತ್ತು ಒಗ್ಗರಣೆ ನಿಲ್ಸವ್ವ. ನಮ್ಮ ಕಂಪ್ಯೂಟ್ರು ಜ್ವರಕ್ಕೆ ಕೂತದೆ."

ಅವಳು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. "ಏನಣ್ಣ, ಬಸುರಿ ಗಿಸುರಿ ಏನಾರ ಆಗದಾ ಅದು? ಹುಳಿ ಕಳಿಸ್ಲಾ?"

ಹಿಂದೆ ಬಂದಿದ್ದ ಮೊಮ್ಮಗಳು ಬಾಗಿಲಿನಲ್ಲೇ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ಆ ನಗು! ನಾನು ಅದನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಅವಳ ಅಜ್ಜಿಯ ನಗುವೇ, ಕೊನೆಯಲ್ಲಿ ಬಿಕ್ಕಳಿಕೆಯ ಹಾಗೆ ಮೇಲೇರುವುದು. ನನಗೆ ಅಳು ಬಂತು, ನಗುವಿನಲ್ಲಿ ಅದನ್ನು ಮುಚ್ಚಿಕೊಂಡೆ. ನಾವಿಬ್ಬರೂ ಹೊಸಿಲ ಮೇಲೆ ಕೂತೆವು. ನಮ್ಮ ಮನೆಯಲ್ಲಿ ಹುಳು ಇದ್ದ ಅಷ್ಟು ದಿನವೂ ಒಗ್ಗರಣೆ ಇಲ್ಲದ ಸಾರೇ ಎಂದು ನಾನು ಹೇಳಿದೆ. ಅವಳಪ್ಪ ಹೊಸ ಅಳಿಯನಾಗಿ ಬಂದಾಗಲೂ ಅವಳ ಅಜ್ಜಿ ಅದನ್ನೇ ಬಡಿಸಿದ್ದಳು. ಪಾಪ, ಅವನು ಸಪ್ಪೆ ಸಾರನ್ನು ಸುರಿದುಕೊಂಡು, "ಬಾಳ ಚೆನ್ನಾಗದೆ ಅತ್ತೆ" ಎಂದು ಎರಡನೇ ಸಲ ಹಾಕಿಸಿಕೊಂಡಿದ್ದ.

"ಅಪ್ಪನಾ? ಮನೇಲಿ ಉಪ್ಪು ಒಂಚೂರು ಕಮ್ಮಿ ಆದ್ರೆ ತಟ್ಟೆ ತಳ್ತದೆ!"

ಒಳಗೆ ಹೋಗಿ ನೋಡಿದರೆ ಬುಡುಬುಡಿಕೆ ಹೋಗಿತ್ತು. ಬಾಣ ಬಂದಿತ್ತು. ಅವಳ ಸರದಿ ಕಾದು ನಿಂತಿತ್ತು.

"ತಾತಾ, ಎದ್ದೈತೆ!"

ಆಮೇಲೆ ಎಲೆಕ್ಟ್ರಿಷಿಯನ್ ಬಂದಾಗ ವಿಷಯ ತಿಳಿಯಿತು. ನನ್ನ ಜ್ವರ ಸುಳ್ಳು, ಪೊರೆಯೂ ಇಲ್ಲ ಏನೂ ಇಲ್ಲ. ಆಕಾಶ ದೊಡ್ಡದಾದಷ್ಟೂ ಆಚೆಯ ರಾಜರ ಹಡಗುಗಳೂ ಹೆಚ್ಚು. ಅವರೆಲ್ಲರ ಲೆಕ್ಕವನ್ನೂ ಡಬ್ಬ ಒಂದೊಂದಾಗಿ ಮಾಡಬೇಕು. ಅದರೊಳಗೆ ರ‍್ಯಾಮ್ ಎಂದು ಒಂದಿದೆಯಂತೆ, ಲೆಕ್ಕ ಹರಡಿಕೊಳ್ಳುವ ಜಾಗ. ನಮ್ಮದರಲ್ಲಿ ಅದು ತೀರ ಇಕ್ಕಟ್ಟು. ಒಂದಿಷ್ಟನ್ನು ಆಚೆ ಇಟ್ಟು, ಒಂದಿಷ್ಟನ್ನು ಒಳಗೆ ತಂದು, ಮತ್ತೆ ಅದನ್ನು ಆಚೆ ಇಟ್ಟು ತಿಣುಕಾಡುತ್ತದೆ. ಸತ್ತಿರುವುದಿಲ್ಲ, ತಡವಾಗುತ್ತದೆ ಅಷ್ಟೆ. "ಕಾದ್ರೆ ಬತ್ತದೆ. ತೀರಾ ಹೊಟ್ಟೆ ಬಿರಿಯ ತುಂಬುದ್ರೆ ಮಾತ್ರ ನಿಜ್ವಾಗ್ಲೂ ಹೊಯ್ತದೆ" ಎಂದ ಅವನು.

ಕಾದರೆ ಬರುತ್ತದೆ. ಅಯ್ಯೋ, ಆ ಮಾತಿನಿಂದ ನನ್ನ ಸಂಜೆಗಳು ಬದಲಾದವು. ಸರದಿ ಮುಗಿಸಿ ಗುಂಡಿ ಒತ್ತಿ ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸುವಳು. "ಬುಡುಬುಡಿಕೆ ಬಂತು ತಾತ. ಹೇಳು." ನಾನು ಹೇಳುವೆ. ಸರದಿ ಬಂದರೆ, "ಇರು ಇರು, ಆಮ್ಯಾಲೆ ಹೇಳು" ಎಂದು ಬೆನ್ನು ತಿರುಗಿಸುವಳು. ಆಟದ ಶುರುವಿನಲ್ಲಿ ಬುಡುಬುಡಿಕೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಆಗ ಒಂದು ಮಾತು ಹಿಡಿಯುತ್ತದೆ, ಎರಡು ಹಿಡಿಯುವುದಿಲ್ಲ. ಹಡಗು ಹೆಚ್ಚಿದಂತೆ ಒಂದು ಸಣ್ಣ ಸಂಗತಿ ಹಿಡಿಯುತ್ತದೆ. ಆಕಾಶ ತುಂಬಿ ತುಳುಕುವಾಗ ಒಂದು ಮದುವೆಯ ಕತೆಯನ್ನೇ ಶುರುವಿನಿಂದ ಊಟದ ತನಕ ಹೇಳಬಹುದು. ಯಾವ ಕತೆ ಯಾವ ಹೊತ್ತಿಗೆ ಹೊಂದುತ್ತದೆ ಎಂದು ಹಗಲೆಲ್ಲ ಒಬ್ಬನೇ ಕೂತು ಯೋಚಿಸಿಟ್ಟುಕೊಳ್ಳುತ್ತಿದ್ದೆ. ಬಸ್ ಸ್ಟ್ಯಾಂಡಿಗೆ ಹೋಗುವುದು ನಿಂತಿತು. ಹಗಲು ಅಷ್ಟೇ ಉದ್ದ, ಅಷ್ಟೇ ಬೀಗ ಬಿದ್ದ ಬಾಗಿಲುಗಳು. ಆದರೆ ಸಂಜೆ ಎನ್ನುವುದೊಂದು ಇತ್ತಲ್ಲ.

ಆಮೇಲೆ ಅವಳಿಗೆ ಬಹಳ ದೊಡ್ಡ ಆಕಾಶವೇ ಬೇಕು ಎನಿಸಿತು. ರಾಜರೂ ಎಷ್ಟು ಸಾಧ್ಯವೋ ಅಷ್ಟು. ನನಗಂತೂ ಹಬ್ಬ. "ಇನ್ನೂ ಒಸಿ ಹಡಗು ಬುಡು ಮಗ" ಎಂದು ನಾನೂ ಹುರಿದುಂಬಿಸಿದೆ. ಬುಡುಬುಡಿಕೆ ತಿರುಗುತ್ತಾ ತಿರುಗುತ್ತಾ, ನಾವು ಅನ್ನ ಬಸಿದು, ಸೊಪ್ಪು ಬಿಡಿಸಿ, ಮಾತಾಡಿ ಮುಗಿಸುವಷ್ಟು ಹೊತ್ತು. ಒಂದು ದಿನ ಕಾದರೂ ಬರಲಿಲ್ಲ. ಪರದೆ ಪೂರ್ತಿ ನೀಲಿಯಾಗಿ ಅದರ ಮೇಲೆ ಬಿಳಿ ಅಕ್ಷರ ಬಂತು. ಮತ್ತೆ ಹಾಕಿದರೆ, ಕಾಪಾಡಿ ಇಟ್ಟಿದ್ದ ಆಟವೂ ತೆರೆಯಲಿಲ್ಲ. ಅವಳು ಎಷ್ಟೋ ವಾರದಿಂದ ಕಟ್ಟಿದ್ದ ರಾಜ್ಯ.

ಅವಳು ಅಳಲಿಲ್ಲ, ಅದೇ ಕಷ್ಟ. "ಇನ್ಮ್ಯಾಲೆ ಆಡಲ್ಲ" ಎಂದಳು. ಮರುದಿನದಿಂದ ಸ್ಕೂಲಿನಿಂದ ಬಂದವಳೇ ಚೀಲ ಎಸೆದು ಪಕ್ಕದ ಮನೆಗೆ ಟೀವಿ ನೋಡಲು ಹೋಗುತ್ತಿದ್ದಳು. ಗೋಡೆಯ ಆಚೆ ಟೀವಿಯ ಸದ್ದು, ನಡುವೆ ಅವಳ ನಗು. ಗೋಡೆಯ ಈಚೆ ನಾನು, ನನ್ನ ಮುಂದೆ ದುಪ್ಪಟಿ ಹೊದ್ದ ಡಬ್ಬ. ಕತೆಗಳು ಎದೆಯಲ್ಲಿ ಹಾಗೇ ಇದ್ದವು, ಕೊಯ್ದು ತಂದ ಸೊಪ್ಪು ತಿನ್ನುವವರಿಲ್ಲದೆ ಬಾಡುವ ಹಾಗೆ. ಮಗಳು ಬಂದು, "ಯಾಕಪ್ಪ ಮಂಕಾಗಿದ್ದೀಯ? ಮೈಯಲ್ಲಿ ಹುಸಾರಿಲ್ವಾ?" ಎಂದಳು. ಏನೆಂದು ಹೇಳಲಿ? ಕಂಪ್ಯೂಟರ್ ಕೆಟ್ಟಿದ್ದಕ್ಕೆ ಮುದುಕ ಕೊರಗುತ್ತಿದ್ದಾನೆ ಎಂದರೆ ಯಾರು ನಂಬುತ್ತಾರೆ?

ಅಳಿಯನಿಗೆ ತನ್ನ ಮಗಳ ಮೇಲೆ ಪ್ರಾಣ. ಬೈದರೂ ಅವಳ ಸಪ್ಪೆ ಮುಖ ತಡೆಯಲಾರ. ಒಂದು ರಜಾದಿನ ಗೆಳೆಯನನ್ನು ಕರೆದುಕೊಂಡು ಬಂದ. ಬೆಂಗಳೂರಿನಿಂದ ಹಳೇ ರ‍್ಯಾಮ್ ಒಂದನ್ನು ತಂದಿದ್ದರು. ಇಬ್ಬರೂ ಡಬ್ಬ ಬಿಚ್ಚಿ ನೆಲದ ಮೇಲೆ ಕೂತರು.

"ಇನ್ನೊಂದು ಹಾಕ್ಲಾ, ಇನ್ನೂ ಜೋರಾಗಿ ಓಡ್ಲಿ" ಎಂದ ಅಳಿಯ.

"ಎಲ್ಲಿಗ್ಲಾ ಹಾಕದು, ನಿನ್ ತಲೆಗಾ? ಜಾಗ ಇರೋದೇ ಎರಡು. ಇದ್ಕೆ ಇಷ್ಟೇ ಕಣ್ಲಾ ಹಿಡಿಯೋದು." ಗೆಳೆಯ ಮೊಮ್ಮಗಳ ಕಡೆ ತಿರುಗಿ, "ದೊಡ್ಡ ಆಕಾಶ ಇನ್ಮ್ಯಾಲೆ ನೀರ್ ಕುಡಿದಂಗೆ ಓಡ್ತದೆ ಕಣಮ್ಮ. ಬಾಳ ದೊಡ್ಡದ್ರ ತಂಟೆಗೆ ಮಾತ್ರ ಹೋಗ್ಬ್ಯಾಡ" ಎಂದ.

ನಿಜವಾಗಿ ನೀರು ಕುಡಿದ ಹಾಗೇ ಓಡಿತು. ಅವಳು ಟೀವಿ ಬಿಟ್ಟು ಕುರ್ಚಿಗೆ ಬಂದಳು. ನಾನು ಮುಖ ತೊಳೆದು ಒಗೆದ ಅಂಗಿ ಹಾಕಿಕೊಂಡು ಮಂಚದ ಮೇಲೆ ಕೂತೆ. ಅವಳು ಗುಂಡಿ ಒತ್ತಿದಳು. ಬುಡುಬುಡಿಕೆ ಬಂತೋ ಇಲ್ಲವೋ ಎನ್ನುವಷ್ಟರಲ್ಲಿ ಬಾಣ. ಮತ್ತೆ ಒತ್ತಿದಳು, ಮತ್ತೆ ಬಾಣ. ಆಟದ ನಡುವಿಗೆ ಬಂದರೂ ಅಷ್ಟೇ, ಕೊನೆಗೆ ಬಂದರೂ ಅಷ್ಟೇ. ಬಾಯಿ ತೆರೆದ ನಾನು ಮುಚ್ಚಿಕೊಳ್ಳುತ್ತಿದ್ದೆ. ಅವಳ ಬೆನ್ನು, ಜಡೆ, ಜಡೆಯ ತುದಿಯ ಟೇಪು. ಅದನ್ನು ನೋಡಿಕೊಂಡು ಎಷ್ಟೋ ಸಂಜೆ ಕಳೆದೆ. ಅವಳು ಖುಷಿಯಾಗಿದ್ದಳು. ಗೆಲ್ಲುತ್ತಿದ್ದಳು. ಅವಳು ಗೆದ್ದರೆ ನನಗೆ ಸಂತೋಷವೇ. ಆದರೆ ಅದೇ ಮನೆಯಲ್ಲಿ, ಅದೇ ಮಂಚದ ಮೇಲೆ ನಾನು ಮತ್ತೆ ಊರಿನಿಂದ ಆಗ ತಾನೆ ಬಂದಿಳಿದವನ ಹಾಗಾದೆ.

ಕೊನೆಗೊಂದು ದಿನ ಆ ಆಟ ಮುಗಿಯಿತು. ಪೂರ್ತಿ ಮುಗಿದ ಮೊದಲನೇ ಆಟ ಅದು. ಆಕಾಶವೆಲ್ಲ ಅವಳದೇ. ಅವಳು ಹೊಸದು ಶುರು ಮಾಡಲು ಹೋಗಿ, ಕುರ್ಚಿ ತಿರುಗಿಸಿದಳು.

"ಯಾವುದ್ ಹಾಕ್ಲಿ ತಾತ?"

ಬಹಳ ದೊಡ್ಡದು ಎಂದು ನಾಲಿಗೆಯ ತುದಿಗೆ ಬಂತು. ಅದರಲ್ಲಿ ನನ್ನ ಪಾಲಿನ ಹೊತ್ತಿತ್ತು. ಆದರೆ ನೀಲಿ ಪರದೆ ನೋಡಿದ ದಿನದ ಅವಳ ಮುಖ ಕಣ್ಣ ಮುಂದೆ ಬಂತು.

"ದೊಡ್ಡದೇ ಸಾಕು ಕಣವ್ವ. ಬಾಳ ದೊಡ್ಡದು ಬ್ಯಾಡ. ಪುನಃ ಕೆಟ್ಟೋದ್ರೆ ನಿಂಗೇ ಬೇಜಾರು."

"ದೊಡ್ಡದ್ರಲ್ಲಿ ಆಟನೇ ಆಡ್ತೀನಿ. ನಿನ್ನ ಮಾತಾಡ್ಸಕ್ಕೆ ಟೇಮೆಲ್ಲಿ ಸಿಗ್ತದೆ?"

ನಾನು ಮಂಚದ ಮೇಲಿನ ದುಪ್ಪಟಿ ಮಡಚತೊಡಗಿದೆ.

ಅವಳು ಗಲ್ಲಕ್ಕೆ ಕೈ ಕೊಟ್ಟು ಪರದೆ ನೋಡುತ್ತಾ ಕೂತಳು. ಏನೇನೋ ಒತ್ತಿ ನೋಡಿದಳು, ಹಿಂದಕ್ಕೆ ಹೋದಳು, ಮುಂದಕ್ಕೆ ಬಂದಳು. ಕೊನೆಗೆ ಬಹಳ ದೊಡ್ಡ ಆಕಾಶವನ್ನೇ ಆರಿಸಿದಳು. ರಾಜರನ್ನು ಮಾತ್ರ ಒಬ್ಬೊಬ್ಬರನ್ನಾಗಿ ತೆಗೆಯುತ್ತಾ ಬಂದು ಇಬ್ಬರನ್ನೇ ಉಳಿಸಿದಳು. "ಜಾಗ ಜಾಸ್ತಿ, ಜನ ಕಮ್ಮಿ. ತಡೀತದೆ ಅನ್ಸುತ್ತೆ" ಎಂದಳು.

ತಡೆಯಿತು. ಬುಡುಬುಡಿಕೆ ಮೊದಲಿನಷ್ಟು ಹೊತ್ತು ತಿರುಗುತ್ತಿರಲಿಲ್ಲ, ಆದರೆ ತಿರುಗುತ್ತಿತ್ತು. ಆ ಆಕಾಶದಲ್ಲಿ ಎಷ್ಟು ದೂರ ಹೋದರೂ ಯಾರೂ ಸಿಗುತ್ತಿರಲಿಲ್ಲ. ಜಗಳವಿಲ್ಲ. ಬರೀ ಖಾಲಿ ಗ್ರಹಗಳು. ಅವುಗಳಿಗೆ ನಾವೇ ಹೆಸರಿಡಬಹುದಂತೆ. "ಹೆಸ್ರು ಹೇಳು ತಾತ" ಎಂದಳು. ನನಗೆ ಗೊತ್ತಿದ್ದ ಹೆಸರುಗಳು ನಮ್ಮ ಹೊಲದ್ದೇ. ಕೆರೆ ಕೋಡಿ ಹೊಲ. ಕಲ್ಲುಗುಡ್ಡೆ ಹೊಲ. ಬಸರಿ ಮರದ ತೋಟ. ಅವಳು ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದಾಗಿ ಒತ್ತಿದಳು. ಆಕಾಶದಲ್ಲಿ ನಮ್ಮ ಬಸರಿ ಮರದ ತೋಟ ಹಸಿರಾಗಿ ಹೊಳೆಯಿತು. ಅವಳು ಸರದಿ ಮುಗಿಸಿ ಕುರ್ಚಿ ತಿರುಗಿಸಿ ಕಾಲು ಮಡಚಿ ಕೂತಳು.

"ಆ ತೋಟದಲ್ಲಿ ಏನಿತ್ತು?"

"ಸೊಪ್ಪು ಕಣವ್ವ, ಹುಳಕ್ಕೆ. ನಿಮ್ಮಜ್ಜಿ ಅಲ್ಲಿ ಒಂದ್ಸಲ ಮಂಕರಿ ತುಂಬಾ ಸೊಪ್ಪು ತಲೆ ಮ್ಯಾಲೆ ಹೊತ್ಕಂಡು, ನಿಂತ್ಕಂಡೇ ನಿದ್ದೆ ಮಾಡ್ಬುಟ್ಟಿದ್ಲು."

"ನಿಂತ್ಕಂಡೇ? ಬೀಳ್ಲಿಲ್ವಾ?"

ಅವಳ ಭುಜದ ಮೇಲಿಂದ ನನಗೆ ಪರದೆ ಕಾಣುತ್ತಿತ್ತು. ಬುಡುಬುಡಿಕೆ ಹೋಗಿ ಬಾಣ ಬಂದು ನಿಂತು ಆಗಲೇ ಎಷ್ಟೋ ಹೊತ್ತಾಗಿತ್ತು. ಫ್ಯಾನಿನ ಗೊರಗು ಇಳಿದಿದ್ದು ಅವಳ ಕಿವಿಗೂ ಬಿದ್ದಿರಲೇಬೇಕು. ಅವಳು ತಿರುಗಲಿಲ್ಲ.

"ಬೀಳದಾ? ಅವ್ಳಾ?" ಎಂದು ನಾನು ಮಂಚದ ಮೇಲೆ ಸರಿದು ಕೂತೆ. "ಕೇಳು ಇಲ್ಲಿ..."